ಮೂರನೆಯ ಪ್ರತಿ

– ಕೊಡು ಇಲ್ಲಿ ಆ ರಿಪೋರ್ಟು. ಪ್ರತಿ ಹೈ ಪವರ್ ಫೀಲ್ಡಿಗೆ 40ಕ್ಕೂ ಮಿಕ್ಕಿ ಇಯೊಸಿನೊಫಿಲ್! 15 ಮುಟ್ಟಿದರೇ ನಾವು ಹುಬ್ಬೇರಿಸುತ್ತೇವೆ. ಯಾರದ್ದು ಮಾರಾಯ?

– ಅಕ್ಕನ ಮಗನದು. ಹದಿನೇಳು ವರ್ಷ. ಹೋದ ತಿಂಗಳು ಒಂದು ಬೀಗರ ಊಟದಲ್ಲಿ ಮಟನ್ ತುಂಡು ಎದೆಯಲ್ಲಿ ಸಿಕ್ಕಿಕೊಂಡಿತು. ಉಸಿರಿಗೇನೂ ತೊಂದರೆಯಿಲ್ಲ, ಮಾತಾಡುತ್ತಿದ್ದ. ಆದರೆ ಕುಡಿದ ನೀರು ಹಾಗೇ ವಾಪಸ್ಸು, ತನ್ನ ಎಂಜಲನ್ನೂ ನುಂಗಲಾರ. ರಾತ್ರೋರಾತ್ರಿ ಎಂಡೋಸ್ಕೋಪಿ ಮಾಡಿಸಿ ತೆಗೆಸಿದ್ದಾಯಿತು. ತೆಗೆದವರು ಪುಣ್ಯಾತ್ಮರು, ಅಲ್ಲೇ ಮೇಲೆ ಕೆಳಗೆ ಆರು ಕಡೆ ಚಿವುಟಿ ಬಯಾಪ್ಸಿಗೂ ಕಳಿಸಿದರು.

– ಪುಣ್ಯಾತ್ಮರೇ ಸರಿ. ಎಷ್ಟೋ ಕಡೆ ತುಂಡು ತೆಗೆದು, ‘ಇನ್ನು ಮೇಲೆ ಚೆನ್ನಾಗಿ ಅಗಿದು ತಿನ್ನಪ್ಪಾ’ ಅಂತ ಕಳಿಸಿಬಿಡುತ್ತಾರೆ. ಕ್ಯಾಮೆರಾಕ್ಕೆ ಅನ್ನನಾಳ ನೆಟ್ಟಗೆ ಕಂಡರೂ ಒಳಗೆ ಈ ಕಾಯಿಲೆ ಇರಬಹುದು. ಚಿವುಟಿ ನೋಡದೆ ಗೊತ್ತಾಗುವುದಿಲ್ಲ.

– ಇಯೊಸಿನೊಫಿಲಿಕ್ ಈಸೊಫಜೈಟಿಸ್ ಅಂತ ಬರೆದಿದ್ದಾರೆ. ಅಷ್ಟನ್ನು ನಾನೂ ಓದಿಕೊಂಡೆ. ಬಂದದ್ದು ಬೇರೆ ಪ್ರಶ್ನೆಗೆ. ಹುಡುಗನಿಗೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇದೆ. ವರ್ಣತಂತು 47, ಎಕ್ಸ್‌ಎಕ್ಸ್‌ವೈ. ಮೂರು ವರ್ಷದ ಹಿಂದೆ ಗೊತ್ತಾಯಿತು. ಎರಡಕ್ಕೂ ಏನಾದರೂ ಸಂಬಂಧ ಇದೆಯೇ ಅಂತ ಆಮೇಲೆ ಪರಿಚಯದ ಇಬ್ಬರು ಡಾಕ್ಟರನ್ನು ಕೇಳಿದೆ. ಒಬ್ಬರು ನಕ್ಕರು. ‘ವರ್ಣತಂತು ಎಲ್ಲಿ, ಗಂಟಲು ಎಲ್ಲಿ?’ ಇನ್ನೊಬ್ಬರು ‘ಆ ಸಿಂಡ್ರೋಮಿನ ಮಕ್ಕಳಿಗೆ ಇಂಥದ್ದೆಲ್ಲ ಇದ್ದದ್ದೇ’ ಅಂದರು.

– ಎರಡೂ ಉತ್ತರ ನನಗೆ ಒಪ್ಪಿಗೆಯಿಲ್ಲ. ಎರಡನೆಯದು ಹೆಚ್ಚು ಅಪಾಯದ್ದು. ಇರಲಿ, ಹುಡುಗ ಮೊದಲಿಂದ ಊಟ ಹೇಗೆ ಮಾಡುತ್ತಿದ್ದ?

– ನಿಧಾನ. ಎಲ್ಲರೂ ಕೈತೊಳೆದ ಮೇಲೂ ಇವನ ತಟ್ಟೆಯಲ್ಲಿ ಅರ್ಧ ಹಾಗೇ ಇರುತ್ತಿತ್ತು. ಚಪಾತಿಯನ್ನು ಸಾರಿನಲ್ಲಿ ನೆನೆಸಿಟ್ಟು ತಿನ್ನುವವನು. ತುತ್ತಿಗೊಂದು ಗುಟುಕು ನೀರು. ಮುದ್ದೆಯಾದರೆ ಸಲೀಸು. ಮಾತ್ರೆ ಅಂದರೆ ಓಡಿಹೋಗುತ್ತಿದ್ದ.

– ಯಾರೂ ಯಾಕೆ ಅಂತ ಕೇಳಲಿಲ್ಲ?

– ಚಿಕ್ಕಂದಿನಲ್ಲಿ ‘ಹಟ’ ಅಂದರು. ಮೂರು ವರ್ಷದಿಂದೀಚೆಗೆ ‘ಅವನ ಸಿಂಡ್ರೋಮು’ ಅಂದರು. ಮಾತು ತಡವಾಗಿ ಬಂತು, ಮೈಕೈ ಸ್ವಲ್ಪ ಸಡಿಲ, ಓದಿನಲ್ಲಿ ಹಿಂದೆ. ಊಟವೂ ಅದರ ಜೊತೆಗೆ ಸೇರಿಹೋಯಿತು.

– ನಾನು ಹೇಳಿದ ಅಪಾಯ ಅದೇ. ಎಕ್ಸ್‌ಎಕ್ಸ್‌ವೈ ಮಕ್ಕಳಲ್ಲಿ ಸ್ನಾಯುಗಳ ಬಿಗಿ ಕಡಿಮೆ ಇರುತ್ತದೆ, ಮಾತು ತಡವಾಗುವುದೂ ಉಂಟು. ಟರ್ನರ್ ಸಿಂಡ್ರೋಮಿನ ಹೆಣ್ಣುಮಕ್ಕಳಿಗೆ, ಅಂದರೆ ಒಂದೇ ಎಕ್ಸ್ ಇರುವವರಿಗೆ, ಎಳೆತನದಲ್ಲಿ ಹಾಲು ಕುಡಿಯುವುದೇ ಕಷ್ಟ, ಕಕ್ಕುತ್ತಾರೆ. ಹಾಗಾಗಿ ನುಂಗುವ ತೊಂದರೆ ಕಂಡರೆ ಕಾರಣ ಮೊದಲೇ ಸಿದ್ಧವಾಗಿರುತ್ತದೆ. ನೀನು ಹೇಳಿದೆಯಲ್ಲ, ನೆನೆಸುವುದು, ನೀರು ಕುಡಿಯುವುದು, ಮಾತ್ರೆಗೆ ಹೆದರುವುದು, ಇವೆಲ್ಲ ಈ ಕಾಯಿಲೆಯವರು ತಮಗೇ ಗೊತ್ತಿಲ್ಲದೆ ಕಲಿತುಕೊಳ್ಳುವ ಉಪಾಯಗಳು. ‘ನುಂಗಲು ಕಷ್ಟವೇ’ ಅಂತ ಕೇಳಿದರೆ ‘ಇಲ್ಲ’ ಅನ್ನುತ್ತಾರೆ. ‘ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ’ ಅಂತ ಕೇಳಬೇಕು.

– ತಡವಾದರೆ ಏನಾಗುತ್ತದೆ?

– ಉರಿಯೂತ ಗಾಯದ ಕಲೆಯಾಗುತ್ತದೆ, ನಾಳ ಕಿರಿದಾಗುತ್ತದೆ. ಸ್ವಿಟ್ಜರ್ಲೆಂಡಿನವರು 2013ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ರೋಗಲಕ್ಷಣ ಶುರುವಾದ ಎರಡು ವರ್ಷದೊಳಗೆ ಪತ್ತೆಯಾದವರಲ್ಲಿ ನಾಳ ಕಿರಿದಾದದ್ದು ಶೇ. 17 ಮಂದಿಗೆ. ಇಪ್ಪತ್ತು ವರ್ಷ ದಾಟಿ ಪತ್ತೆಯಾದವರಲ್ಲಿ ಶೇ. 71. ಬಾ, ಆ ಮೈಕ್ರೋಸ್ಕೋಪಿನಲ್ಲಿ ಪಾಠಕ್ಕೆ ಇಟ್ಟುಕೊಂಡ ಒಂದು ಸ್ಲೈಡ್ ಇದೆ, ಕಣ್ಣಿಟ್ಟು ನೋಡು.

– ಎಲ್ಲಾ ಗುಲಾಬಿ, ನಡುನಡುವೆ ನೇರಳೆ.

– ನೇರಳೆ ಚುಕ್ಕೆಗಳು ಜೀವಕೋಶಗಳ ಕೇಂದ್ರ. ಕೆಳಗಿನ ಪದರದಲ್ಲಿ ಅವು ಒತ್ತೊತ್ತಾಗಿವೆ ನೋಡು. ಮಾಮೂಲಿಯಾಗಿ ಕೆಳ ಅಂಚಿನಲ್ಲಿ ಎರಡು ಮೂರು ಸಾಲು ಇರಬೇಕಾದದ್ದು ಇಲ್ಲಿ ಅರ್ಧ ಗೋಡೆ ಹತ್ತಿದೆ. ಕೋಶಗಳ ನಡುವೆ ಬಿಳಿ ಸಂದು ಬಿಟ್ಟಿದೆ, ಗೋಡೆ ಬಿಗಿ ಕಳೆದುಕೊಂಡಿದೆ ಅಂತ ಅರ್ಥ. ಈಗ ಮೇಲ್ಭಾಗಕ್ಕೆ ಬಾ. ಇಟ್ಟಿಗೆ ಬಣ್ಣದ ಕಾಳು ತುಂಬಿದ, ಕೇಂದ್ರ ಎರಡು ಹೋಳಾದ ಕೋಶಗಳು ಕಾಣುತ್ತಿವೆಯಾ?

– ಗುಂಪು ಗುಂಪಾಗಿ.

– ಅವೇ ಇಯೊಸಿನೊಫಿಲ್. 1879ರಲ್ಲಿ ಪಾಲ್ ಎರ್ಲಿಕ್ ಗುರುತಿಸಿದ್ದು. ಇಯೊಸಿನ್ ಬಣ್ಣ ಹೀರಿಕೊಳ್ಳುತ್ತವೆ. ಹೊಟ್ಟೆಯಲ್ಲಿ, ಕರುಳಲ್ಲಿ ಇವು ಇದ್ದರೆ ತಪ್ಪಿಲ್ಲ. ಆರೋಗ್ಯವಂತ ಅನ್ನನಾಳದಲ್ಲಿ ಮಾತ್ರ ಇವಕ್ಕೆ ಜಾಗವೇ ಇಲ್ಲ. ಮೊದಲೆಲ್ಲ ಅಲ್ಲಿ ಇವು ಕಂಡರೆ ‘ಆಸಿಡ್ ಮೇಲೆ ಬಂದಿದೆ’ ಅಂತ ಬರೆದು ಮುಗಿಸುತ್ತಿದ್ದರು. 1993ರಲ್ಲಿ ಸ್ಟೀಫನ್ ಆಟ್‌ವುಡ್, ಮರುವರ್ಷ ಸ್ವಿಟ್ಜರ್ಲೆಂಡಿನ ಅಲೆಕ್ಸ್ ಸ್ಟ್ರೌಮನ್, ಇದು ಆಸಿಡ್ಡಿನ ಕತೆಯಲ್ಲ, ಪ್ರತ್ಯೇಕ ಕಾಯಿಲೆ ಅಂದರು. 1995ರಲ್ಲಿ ಅಮೆರಿಕದ ಮಕ್ಕಳ ವೈದ್ಯರು ಸಾಮಾನ್ಯ ಆಹಾರವನ್ನೇ ನಿಲ್ಲಿಸಿ ಅಮೈನೊ ಆಮ್ಲದ ಪುಡಿ ಕೊಟ್ಟು ನೋಡಿದರು, ಮಕ್ಕಳು ಚೇತರಿಸಿಕೊಂಡರು. ಆಹಾರವೇ ಕೆರಳಿಸುತ್ತಿದೆ ಅನ್ನುವುದು ಹಾಗೆ ಖಚಿತವಾಯಿತು. ನಮ್ಮಲ್ಲಿ ಇವತ್ತಿಗೂ ‘ಗ್ಯಾಸು’ ಅಂತ ಬರೆಸಿಕೊಂಡು ಓಡಾಡುವವರು ಇದ್ದಾರೆ.

– ಅಲರ್ಜಿ ಅನ್ನು ಹಾಗಾದರೆ.

– ಅಲರ್ಜಿಯ ದಾಯಾದಿ. ಆದರೆ ಕಡಲೆಕಾಯಿ ತಿಂದು ಮುಖ ಊದುತ್ತದಲ್ಲ, ಆ ಬಗೆಯದಲ್ಲ. ತೋಳಿಗೆ ಚುಚ್ಚಿ ನೋಡುವ ಪರೀಕ್ಷೆಯಿಂದ ಯಾವ ಆಹಾರ ಅಂತ ಇಲ್ಲಿ ಹೇಳಲು ಬರುವುದಿಲ್ಲ. ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಈ ಕಾಯಿಲೆ ಒಬ್ಬ ಹೆಂಗಸಿಗೆ ಬಂದರೆ ಸುಮಾರು ಮೂವರು ಗಂಡಸರಿಗೆ ಬರುತ್ತದೆ. ರೋಗನಿರೋಧಕ ವ್ಯವಸ್ಥೆ ತಿರುಗಿಬೀಳುವ ಕಾಯಿಲೆಗಳಲ್ಲಿ ಇದು ವಿಚಿತ್ರ. ಲೂಪಸ್ ತಗೋ, ಹತ್ತು ರೋಗಿಗಳಲ್ಲಿ ಒಂಬತ್ತು ಹೆಂಗಸರು. ಥೈರಾಯ್ಡೂ ಹೆಂಗಸರ ಕಡೆಗೇ ವಾಲುತ್ತದೆ. ಇದು ಉಲ್ಟಾ.

– ಹಾರ್ಮೋನು ಇರಬೇಕು.

– ಅದೂ ಇದೆ. ಈಸ್ಟ್ರೊಜನ್ ಅನ್ನನಾಳದ ಆ ಒಳಪದರವನ್ನು ಕಾಯುತ್ತದೆ ಅಂತ ಪ್ರಯೋಗಾಲಯದ ಕೆಲಸ ಸೂಚಿಸುತ್ತದೆ. ಆದರೆ ಹಾರ್ಮೋನೊಂದೇ ಅಂದುಕೊಂಡರೆ ಕತೆಯ ಅರ್ಧ ತಪ್ಪಿಹೋಗುತ್ತದೆ. ಎಕ್ಸ್ ಮತ್ತು ವೈ ಪೂರ್ತಿ ಬೇರೆ ಬೇರೆ ಅಂತ ನಾವು ಶಾಲೆಯಲ್ಲಿ ಓದಿದ್ದು. ಅವುಗಳ ತುದಿಗಳು ಒಂದೇ. ಎಕ್ಸಿನ 15 ಕೋಟಿಗೂ ಮಿಕ್ಕಿದ ಅಕ್ಷರಗಳಲ್ಲಿ ಒಂದು ತುದಿಯ ಸುಮಾರು 27 ಲಕ್ಷ, ವೈಯಲ್ಲೂ ಹಾಗೆಯೇ ಇದೆ. ವೀರ್ಯಾಣು ತಯಾರಾಗುವಾಗ ಎಕ್ಸ್ ವೈ ಎರಡೂ ಅಲ್ಲಿ ಒಂದಕ್ಕೊಂದು ಅಂಟಿಕೊಂಡು ತುಣುಕು ಬದಲಾಯಿಸಿಕೊಳ್ಳುತ್ತವೆ. ಆ ತುದಿಯ ಜೀನುಗಳು ಗಂಡಿಗೂ ಎರಡು ಪ್ರತಿ, ಹೆಣ್ಣಿಗೂ ಎರಡು ಪ್ರತಿ.

– ನಮ್ಮ ಹುಡುಗನಿಗೆ?

– ಮೂರು. ಎರಡು ಎಕ್ಸಿನಿಂದ ಎರಡು, ವೈಯಿಂದ ಒಂದು. ಟರ್ನರ್ ಹುಡುಗಿಗೆ ಒಂದೇ.

– ಆದರೆ ಹೆಚ್ಚುವರಿ ಎಕ್ಸ್ ಮುಚ್ಚಿಹೋಗುತ್ತದೆ ಅಂತ ಓದಿದ್ದೇನಲ್ಲ?

– ಮೇರಿ ಲಿಯಾನ್ 1961ರಲ್ಲಿ ಹೇಳಿದ್ದು ಅದನ್ನೇ. ಎಷ್ಟೇ ಎಕ್ಸ್ ಇರಲಿ, ಒಂದನ್ನು ಬಿಟ್ಟು ಉಳಿದವು ಸುರುಟಿ ಸುಮ್ಮನಾಗುತ್ತವೆ. ಹಾಗಿಲ್ಲದಿದ್ದರೆ ಎಕ್ಸ್‌ಎಕ್ಸ್‌ವೈ ಮಗು ಬದುಕುವುದೇ ಕಷ್ಟವಿತ್ತು. ಆದರೆ ಈ ತುದಿ ಮುಚ್ಚುವುದಿಲ್ಲ. ಅದಕ್ಕೆ ಸಾಕ್ಷಿ ನಿನ್ನ ಅಳಿಯನ ಎತ್ತರವೇ. ಎಷ್ಟಿದ್ದಾನೆ?

– ಮನೆಯಲ್ಲಿ ಎಲ್ಲರಿಗಿಂತ ಉದ್ದ. ಕಾಲೇ ಕಾಲು.

– ಆ ತುದಿಯಲ್ಲಿ ಶಾಕ್ಸ್ ಅಂತ ಒಂದು ಜೀನಿದೆ, ಮೂಳೆಯ ಬೆಳವಣಿಗೆಯದು. ಮೂರು ಪ್ರತಿ ಇದ್ದವರು ಉದ್ದ, ಒಂದೇ ಪ್ರತಿ ಇರುವ ಟರ್ನರ್ ಹೆಣ್ಣುಮಕ್ಕಳು ಕುಳ್ಳು. ಪ್ರತಿಗಳ ಲೆಕ್ಕ ಮೈಮೇಲೆ ಕಾಣುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಈಗ ಅದೇ ತುದಿಯಲ್ಲಿ ಇನ್ನೂ ಯಾರ್‍ಯಾರಿದ್ದಾರೆ ನೋಡು. ಅನ್ನನಾಳದ ಗೋಡೆಗೆ ಗಾಸಿಯಾದಾಗ, ಒಗ್ಗದ ಆಹಾರ ತಾಗಿದಾಗ ಅದು ಟಿಎಸ್‌ಎಲ್‌ಪಿ ಅನ್ನುವ ಪ್ರೋಟೀನ್ ಬಿಡುತ್ತದೆ. ಅದೊಂದು ಕೂಗು ಅಂತಿಟ್ಟುಕೋ. ಕೂಗು ಕೇಳಿ ಅಲರ್ಜಿಯ ಸೈನ್ಯ ಏಳುತ್ತದೆ, ಕೊನೆಗೆ ಇಯೊಸಿನೊಫಿಲ್ ಬಂದು ಸೇರುತ್ತವೆ. ಕೂಗಿನ ಜೀನ್ ಇರುವುದು ಐದನೆಯ ವರ್ಣತಂತುವಿನಲ್ಲಿ. ಸಿನ್ಸಿನಾಟಿಯ ಮಾರ್ಕ್ ರಾತೆನ್‌ಬರ್ಗ್ ಮತ್ತು ಸಂಗಡಿಗರು 2010ರಲ್ಲಿ ಈ ಕಾಯಿಲೆಗೂ ಆ ಜಾಗಕ್ಕೂ ನಂಟು ತೋರಿಸಿದರು. ಆದರೆ ಕೂಗು ಕೇಳುವ ಕಿವಿ ಬೇಕಲ್ಲ, ಆ ಕಿವಿಯ ಜೀನ್ ಇರುವುದು ಎಕ್ಸ್ ಮತ್ತು ವೈಯ ಈ ತುದಿಯಲ್ಲಿ. ಸಿಆರ್‌ಎಲ್‌ಎಫ್2 ಅಂತ ಅದರ ಹೆಸರು. ಅದೇ ಗುಂಪಿನವರು ಅದೇ ವರ್ಷ ಇನ್ನೊಂದು ಮಾತು ಹೇಳಿದರು. ಆ ಕಿವಿಯ ಜೀನಿನಲ್ಲಿನ ಒಂದು ಸಣ್ಣ ವ್ಯತ್ಯಾಸ ಈ ಕಾಯಿಲೆಯ ಜೊತೆ ಕಾಣಿಸಿಕೊಂಡಿತು, ಗಂಡಸರಲ್ಲಿ ಮಾತ್ರ.

– ನಿಲ್ಲು ನಿಲ್ಲು. ಗಂಡಿಗೂ ಎರಡು, ಹೆಣ್ಣಿಗೂ ಎರಡು ಅಂದೆ. ಹಾಗಿದ್ದ ಮೇಲೆ ಗಂಡಸರಿಗೇ ಮೂರು ಪಟ್ಟು ಯಾಕೆ? ನಿನ್ನ ಪ್ರತಿಗಳ ಲೆಕ್ಕ ಅಲ್ಲೇ ಬಿದ್ದುಹೋಗಲಿಲ್ಲವೇ?

– ಮೂವತ್ತು ವರ್ಷ ಸ್ಟಾಟಿಸ್ಟಿಕ್ಸ್ ಪಾಠ ಹೇಳಿದವನು ಕೇಳಬೇಕಾದ ಪ್ರಶ್ನೆಯೇ. 2017ರಲ್ಲಿ ನೂರಾರು ಜನರ ಬೇರೆ ಬೇರೆ ಅಂಗಾಂಶ ಹಿಡಿದು ಈ ತುದಿಯ ಜೀನುಗಳು ಎಷ್ಟು ಕೆಲಸ ಮಾಡುತ್ತವೆ ಅಂತ ಅಳೆದರು. ಹೆಂಗಸರಲ್ಲಿ ಮುಚ್ಚಿದ ಎಕ್ಸಿನ ಮೌನ ಈ ತುದಿಗೂ ತುಸು ಹರಡಿರುತ್ತದೆ. ಪೂರ್ತಿ ಮುಚ್ಚಿಲ್ಲ, ಪೂರ್ತಿ ತೆರೆದೂ ಇಲ್ಲ. ಗಂಡಸಿನ ವೈಗೆ ಆ ಕಾಟವಿಲ್ಲ. ಹೀಗಾಗಿ ಎರಡೆರಡು ಪ್ರತಿ ಇದ್ದರೂ ಗಂಡಸರಲ್ಲಿ ಈ ಜೀನುಗಳ ಒಟ್ಟು ಸದ್ದು ಸ್ವಲ್ಪ ಜಾಸ್ತಿ. ಮೂರು ಪಟ್ಟು ವ್ಯತ್ಯಾಸಕ್ಕೆ ಇದೊಂದೇ ಸಾಕು ಅಂತ ನಾನು ಹೇಳುವುದಿಲ್ಲ. ದಿಕ್ಕು ಸರಿಯಿದೆ ಅನ್ನುತ್ತೇನೆ, ಅಷ್ಟೆ.

– ಕಿವಿಯೊಂದೇ ಅಲ್ಲಿ ಇರುವುದು?

– ಇನ್ನೂ ಇವೆ. ಇಂಟರ್‌ಲ್ಯೂಕಿನ್-3 ಮತ್ತು ಜಿಎಂ-ಸಿಎಸ್‌ಎಫ್ ಅಂತ ಎರಡು ಪ್ರೋಟೀನುಗಳು ಇಯೊಸಿನೊಫಿಲ್‌ಗಳನ್ನು ಬೆಳೆಸುತ್ತವೆ, ಬೇಗ ಸಾಯದಂತೆ ನೋಡಿಕೊಳ್ಳುತ್ತವೆ. ಎರಡರ ಗ್ರಾಹಕಗಳ ಜೀನೂ ಇದೇ ತುದಿಯಲ್ಲಿದೆ. ನಮ್ಮಂಥವರಿಗೆ ಇದನ್ನು ನೋಡಿದರೆ ಕೈ ತುರಿಸುತ್ತದೆ. ಇಷ್ಟು ಜನ ಇಷ್ಟು ಹತ್ತಿರ ಇದ್ದು, ಮೂರನೆಯ ಪ್ರತಿ ಬಂದರೆ ಏನೂ ಆಗುವುದಿಲ್ಲವೇ?

– ಕೈ ತುರಿಸುವುದು ಪುರಾವೆಯಲ್ಲ. ಆ ತುದಿಯ ನಿರೋಧಕ ಜೀನುಗಳಿಂದ ಮನುಷ್ಯನಿಗೆ ನಿಜವಾಗಿ ಏನಾದರೂ ಆದದ್ದು ಉಂಟೇ?

– ಉಂಟು. ಅನ್ನನಾಳದಲ್ಲಿ ಅಲ್ಲ, ಶ್ವಾಸಕೋಶದಲ್ಲಿ. 2008ರಲ್ಲಿ ವರದಿಯಾದ ಒಬ್ಬ ಪುಟ್ಟ ಹುಡುಗಿ, ಟರ್ನರ್ ಲಕ್ಷಣದವಳು. ಅವಳ ಒಂದು ಎಕ್ಸಿನಲ್ಲಿ ಗಿಡ್ಡ ತೋಳೇ ಇರಲಿಲ್ಲ, ಉದ್ದ ತೋಳೇ ಎರಡು ಸಲ ಇತ್ತು. ಗಿಡ್ಡ ತೋಳು ಹೋದರೆ ಈ ತುದಿಯೂ ಹೋದಂತೆ. ಇನ್ನೊಂದು ಎಕ್ಸಿನ ತುದಿಯಲ್ಲಿ 16 ಲಕ್ಷ ಅಕ್ಷರ ಕಾಣೆ. ಎರಡೂ ಕಡೆಯಿಂದ ಜಿಎಂ-ಸಿಎಸ್‌ಎಫ್ ಗ್ರಾಹಕದ ಜೀನ್ ಇಲ್ಲವಾಯಿತು. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಜಿಡ್ಡು ತುಂಬಿಕೊಂಡಿತು. ಅದನ್ನು ಗುಡಿಸುವ ಕೋಶಗಳಿಗೆ ಆ ಗ್ರಾಹಕ ಬೇಕು. ಒಂದು ಪ್ರತಿ ಮಾತ್ರ ಇರುವ ಟರ್ನರ್ ಹೆಣ್ಣುಮಕ್ಕಳು ಸಾಮಾನ್ಯವಾಗಿ ಆರಾಮವಾಗಿಯೇ ಉಸಿರಾಡುತ್ತಾರೆ. ಆದರೆ ಅವರಿಗೆ ಹೆಚ್ಚುವರಿ ಅಂತ ಏನೂ ಇಲ್ಲ, ಇರುವುದೊಂದು ಕೆಟ್ಟರೆ ಮುಗಿಯಿತು.

– ಸರಿ, ನಿನ್ನದೇ ತರ್ಕ ಹಿಡಿದು ಮುಂದೆ ಹೋಗುತ್ತೇನೆ. ಮೂರನೆಯ ಪ್ರತಿಯೇ ಕಾರಣವಾದರೆ ಎಕ್ಸ್‌ವೈವೈ ಇರುವ ಗಂಡಸಿಗೂ, ಮೂರು ಎಕ್ಸ್ ಇರುವ ಹೆಂಗಸಿಗೂ ಈ ಕಾಯಿಲೆ ಹೆಚ್ಚಾಗಬೇಕು. ಅವರಿಗೂ ಮೂರು ತುದಿ.

– ಹೌದು, ಪರೀಕ್ಷೆ ಅದೇ. ಮೂರು ಗುಂಪಿನಲ್ಲೂ ಹೆಚ್ಚಾದರೆ ತಪ್ಪು ತುದಿಯದು. ಎಕ್ಸ್‌ಎಕ್ಸ್‌ವೈಯಲ್ಲಿ ಮಾತ್ರ ಹೆಚ್ಚಾದರೆ ಟೆಸ್ಟೊಸ್ಟಿರಾನ್ ಕೊರತೆಯನ್ನು ಹಿಡಿಯಬೇಕು. ಎಕ್ಸ್‌ಎಕ್ಸ್‌ವೈ ಮತ್ತು ತ್ರಿವಳಿ ಎಕ್ಸ್ ಎರಡರಲ್ಲೂ ಹೆಚ್ಚಾಗಿ ಎಕ್ಸ್‌ವೈವೈಯಲ್ಲಿ ಆಗದಿದ್ದರೆ ಎಕ್ಸಿನ ಬೇರೆ ಭಾಗದಲ್ಲಿ ಹುಡುಕಬೇಕು. ಪ್ರಕೃತಿಯೇ ನಾಲ್ಕು ಗುಂಪು ಮಾಡಿ ಕೊಟ್ಟಿದೆ. ಎಕ್ಸ್‌ಎಕ್ಸ್‌ವೈ ಸರಿಸುಮಾರು ಆರುನೂರು ಗಂಡುಮಕ್ಕಳಿಗೊಬ್ಬ, ಎಕ್ಸ್‌ವೈವೈ ಮತ್ತು ತ್ರಿವಳಿ ಎಕ್ಸ್ ಸಾವಿರಕ್ಕೊಂದರಂತೆ, ಟರ್ನರ್ ಎರಡು ಎರಡೂವರೆ ಸಾವಿರ ಹೆಣ್ಣುಮಕ್ಕಳಿಗೊಬ್ಬಳು. ಅಪರೂಪ ಅಂತ ನಾವು ಅಂದುಕೊಂಡಿರುವುದೇ ತಪ್ಪು. ಬೆಂಗಳೂರಿನ ಒಂದು ವಾರ್ಡಿನಲ್ಲೇ ಎಷ್ಟು ಜನ ಇರುತ್ತಾರೆ ಲೆಕ್ಕ ಹಾಕು.

– ಲೂಪಸ್ ಅಂದೆ ಆಗ. ಅದರ ಲೆಕ್ಕ ಯಾರಾದರೂ ಹಾಕಿದ್ದಾರೆಯೇ?

– ಹಾಕಿದ್ದಾರೆ, ಅಲ್ಲಿ ಗುಮಾನಿಗೆ ಎಡೆಯೇ ಇಲ್ಲ. 2008ರಲ್ಲಿ ಅಮೆರಿಕದಲ್ಲಿ ಲೂಪಸ್ ಇರುವ 213 ಗಂಡಸರ ವರ್ಣತಂತು ನೋಡಿದರು. ಐವರು ಎಕ್ಸ್‌ಎಕ್ಸ್‌ವೈ. ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು. ಎಕ್ಸ್‌ಎಕ್ಸ್‌ವೈ ಗಂಡಸಿಗೆ ಲೂಪಸ್ ಬರುವ ಅಪಾಯ ಉಳಿದ ಗಂಡಸರಿಗಿಂತ ಸುಮಾರು 14 ಪಟ್ಟು, ಅಂದರೆ ಹೆಚ್ಚುಕಡಿಮೆ ಹೆಂಗಸಿನಷ್ಟೇ. ಮೂರು ಎಕ್ಸ್ ಇರುವ ಹೆಂಗಸರಲ್ಲಿ ಲೂಪಸ್, ಶೋಗ್ರೆನ್ ಎರಡೂ ಇನ್ನೂ ಹೆಚ್ಚು. ಎಕ್ಸಿನಲ್ಲಿರುವ ಟಿಎಲ್‌ಆರ್7 ಅನ್ನುವ ಜೀನ್ ಕೆಲವು ನಿರೋಧಕ ಕೋಶಗಳಲ್ಲಿ ಮುಚ್ಚದೆ ತಪ್ಪಿಸಿಕೊಳ್ಳುತ್ತದೆ ಅಂತ 2018ರಲ್ಲಿ ಫ್ರಾನ್ಸಿನವರು ತೋರಿಸಿದರು, ಹೆಂಗಸರಲ್ಲೂ ಎಕ್ಸ್‌ಎಕ್ಸ್‌ವೈ ಗಂಡಸರಲ್ಲೂ. ಶೋಗ್ರೆನ್ ಅಂದರೆ ಗೊತ್ತಲ್ಲ? ಎಂಜಲಿನ ಗ್ರಂಥಿ ಒಣಗುತ್ತದೆ. ಎಂಜಲಿಲ್ಲದೆ ಒಣ ಚಪಾತಿ ನುಂಗಿ ನೋಡು, ಅಲ್ಲಿಗೆ ನಾವು ಮತ್ತೆ ಅನ್ನನಾಳಕ್ಕೆ ಬಂದೆವು.

– ಹಾಗಾದರೆ ಒಂದೇ ಹೆಚ್ಚುವರಿ ಎಕ್ಸ್ ಹುಡುಗನನ್ನು ಎರಡು ಕಡೆಗೆ ಎಳೆಯುತ್ತಿದೆ. ಲೂಪಸ್ಸಿನ ವಿಷಯದಲ್ಲಿ ಹೆಂಗಸರ ಕಡೆಗೆ, ಅನ್ನನಾಳದ ವಿಷಯದಲ್ಲಿ ಗಂಡಸರ ಕಡೆಗೆ.

– ನಾನು ಇದನ್ನು ವರ್ಷಗಟ್ಟಲೆ ಸ್ಲೈಡ್ ನೋಡುತ್ತಾ ಕೂತು ಯೋಚಿಸಿದ್ದೇನೆ, ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ. ‘ಗಂಡಸರ ಕಾಯಿಲೆ’ ‘ಹೆಂಗಸರ ಕಾಯಿಲೆ’ ಅಂತ ನಾವು ಕರೆಯುವುದು ಹಲವು ಜೀನುಗಳ ಅಳತೆ, ಹಾರ್ಮೋನು, ಅನ್ನ ಆಹಾರ ಎಲ್ಲ ಕೂಡಿ ಬರುವ ಮೊತ್ತ. ಎಕ್ಸ್‌ಎಕ್ಸ್‌ವೈಯಲ್ಲಿ ಆ ಅಳತೆಗಳು ಒಂದೊಂದಾಗಿ ಬಿಡಿಸಿಕೊಂಡು ಕಾಣುತ್ತವೆ.

– ಟರ್ನರ್‌ನಲ್ಲಿ?

– ಅಲ್ಲಿ ತಲೆ ಕೆಡುತ್ತದೆ. ಎಕ್ಸ್ ಕಡಿಮೆಯಾದರೆ ಆಟೋಇಮ್ಯೂನ್ ಕಾಯಿಲೆಯೂ ಕಡಿಮೆಯಾಗಬೇಕಿತ್ತು. ಲೂಪಸ್ ಮಟ್ಟಿಗೆ ಅದು ನಿಜ, ಟರ್ನರ್‌ನವರಲ್ಲಿ ಲೂಪಸ್ ಅಪರೂಪ. ಆದರೆ ಥೈರಾಯ್ಡ್, ಸೀಲಿಯಾಕ್, ಕರುಳಿನ ಉರಿಯೂತ ಜಾಸ್ತಿ. ಡೆನ್ಮಾರ್ಕಿನ ಟರ್ನರ್ ರೋಗಿಗಳ ದಾಖಲೆ ತೆಗೆದು ನೋಡಿದಾಗ ಸಾಮಾನ್ಯವಾಗಿ ಗಂಡಸರಲ್ಲಿ ಹೆಚ್ಚು ಕಾಣುವ ಆಟೋಇಮ್ಯೂನ್ ಕಾಯಿಲೆಗಳ ಅಪಾಯವೇ ಅವರಲ್ಲಿ ಹೆಚ್ಚು ಏರಿತ್ತು. ಒಂದೇ ಎಕ್ಸ್ ಇರುವ ಹೆಂಗಸರು ಒಂದೇ ಎಕ್ಸ್ ಇರುವ ಗಂಡಸರ ದಾರಿ ಹಿಡಿದಂತೆ. ಇನ್ನೂ ಒಂದು ಸೋಜಿಗ ಹೇಳುತ್ತೇನೆ. ಹುಟ್ಟುವಾಗ ಎರಡು ಎಕ್ಸ್ ನೆಟ್ಟಗಿದ್ದ ಹೆಂಗಸಿನ ರಕ್ತದ ಕೋಶಗಳೂ ವಯಸ್ಸಾಗುತ್ತಾ ಅಲ್ಲೊಂದು ಇಲ್ಲೊಂದು ಎಕ್ಸ್ ಕಳೆದುಕೊಳ್ಳುತ್ತವೆ. ಸ್ಕ್ಲೀರೊಡರ್ಮ ಇರುವ ಹೆಂಗಸರಲ್ಲಿ ಹೀಗೆ ಕಳೆದುಕೊಂಡ ಕೋಶ ಜಾಸ್ತಿ ಅಂತ 2005ರಲ್ಲಿ ಇಟಲಿಯವರು ಕಂಡರು. ಸ್ಕ್ಲೀರೊಡರ್ಮ ಅಂದರೆ ಚರ್ಮ ಗಟ್ಟಿಯಾಗುವುದು ಅಂತ ಜನ ತಿಳಿದಿದ್ದಾರೆ. ಬಹುಪಾಲು ರೋಗಿಗಳಲ್ಲಿ ಅನ್ನನಾಳದ ಸ್ನಾಯುವೂ ಸತ್ತು ಬರೀ ಕೊಳವೆಯಾಗುತ್ತದೆ, ತುತ್ತು ಕೆಳಗಿಳಿಯಲು ಗುರುತ್ವವನ್ನೇ ನಂಬಬೇಕು.

– ಇಷ್ಟು ಹೇಳಿದ ಮೇಲೂ ನಮ್ಮ ಹುಡುಗನಿಗೆ ಎಕ್ಸ್‌ಎಕ್ಸ್‌ವೈಯಿಂದಲೇ ಈ ಕಾಯಿಲೆ ಬಂತು ಅಂತ ನೀನು ಹೇಳುವುದಿಲ್ಲ.

– ಹೇಳುವುದಿಲ್ಲ. ಒಬ್ಬನೇ ರೋಗಿಯ ಮಟ್ಟಿಗೆ ಅದನ್ನು ಯಾರೂ ಹೇಳಲಾರರು. ನಿನಗೂ ಹೇಳಲು ಬಿಡುವುದಿಲ್ಲ.

– ನಾನು ಹೇಳುವುದೂ ಇಲ್ಲ. ನನಗೆ ಎರಡು ಅನುಮಾನ. ಒಂದು, ಸಿಂಡ್ರೋಮ್ ಪತ್ತೆಯಾದ ಮಕ್ಕಳು ಆಸ್ಪತ್ರೆಗೆ ಹೆಚ್ಚು ಹೋಗುತ್ತಾರೆ. ಹೆಚ್ಚು ನೋಡಿದರೆ ಹೆಚ್ಚು ಸಿಗುತ್ತದೆ. ಅಂಥ ಮಕ್ಕಳ ಕ್ಲಿನಿಕ್ಕಿನಲ್ಲಿ ಎಂಡೋಸ್ಕೋಪಿ ಮಾಡಿಸಿ ಎಣಿಸಿದರೆ ನಂಟು ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ. ಎರಡನೆಯದು ಅದರ ತದ್ವಿರುದ್ಧ. ಎಷ್ಟೋ ಜನಕ್ಕೆ ತಾವು ಎಕ್ಸ್‌ಎಕ್ಸ್‌ವೈ ಅಂತಲೇ ಗೊತ್ತಿರುವುದಿಲ್ಲ.

– ಡೆನ್ಮಾರ್ಕಿನಂಥ ದೇಶದಲ್ಲೇ ಸುಮಾರು ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಜೀವಮಾನದಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿ ಮದುವೆಯಾಗಿ, ಮಕ್ಕಳಾಗದೆ, ಹೆಂಡತಿಯ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಗಂಡನ ಸರದಿ ಬಂದಾಗ ಗೊತ್ತಾಗುವುದೇ ಹೆಚ್ಚು. ಅದನ್ನೂ ಡಾಕ್ಟರ ಕೋಣೆಯಲ್ಲೇ ಬಿಟ್ಟು ಬರುತ್ತಾರೆ.

– ಹಾಗಾಗಿ ನುಂಗಲಾರದೆ ಬರುವ ಗಂಡಸರಲ್ಲಿ ಎಷ್ಟು ಜನ ಎಕ್ಸ್‌ಎಕ್ಸ್‌ವೈ ಅಂತ ಎಣಿಸಬೇಕಾದರೆ ಲೂಪಸ್ಸಿನವರು ಮಾಡಿದಂತೆ ಮಾಡಬೇಕು. ರೋಗಿಗಳನ್ನೆಲ್ಲ ತಗೊಂಡು ವರ್ಣತಂತು ನೋಡಬೇಕು. ಸಿಂಡ್ರೋಮಿನವರನ್ನು ತಗೊಂಡು ಗಂಟಲು ನೋಡುವುದಲ್ಲ.

– ಎರಡೂ ದಿಕ್ಕಿನಿಂದ ಎಣಿಸಬೇಕು, ಎರಡೂ ಒಂದೇ ಉತ್ತರ ಕೊಟ್ಟರೆ ನಂಬಬೇಕು. ಅಲ್ಲಿಯವರೆಗೆ ನನ್ನ ಮಟ್ಟಿಗೆ ಇದು ಬಲವಾದ ಅನುಮಾನ. ಅನುಮಾನಕ್ಕೂ ಒಂದು ಉಪಯೋಗವಿದೆ, ಡಾಕ್ಟರು ಒಂದು ಪ್ರಶ್ನೆ ಹೆಚ್ಚು ಕೇಳುವಂತೆ ಮಾಡುತ್ತದೆ. ಎಕ್ಸ್‌ಎಕ್ಸ್‌ವೈ ಹುಡುಗ ನಿಧಾನ ತಿಂದರೆ ಸಿಂಡ್ರೋಮ್ ಅಂತ ಕೈಬಿಡದೆ ಎಂಡೋಸ್ಕೋಪಿಗೆ ಕಳಿಸಲಿ. ಉದ್ದ ಕಾಲಿನ, ಗಡ್ಡ ಬಾರದ ಗಂಡಸೊಬ್ಬ ಅನ್ನ ಸಿಕ್ಕಿಕೊಂಡು ಬಂದರೆ ವರ್ಣತಂತುವಿನ ಕಡೆಗೂ ಒಮ್ಮೆ ನೋಡಲಿ.

– ಚಿಕಿತ್ಸೆ ಬೇರೆಯಾಗುತ್ತದೆಯೇ?

– ಇಲ್ಲ. ಎಲ್ಲರಿಗೂ ಮೊದಲು ಹಿಡಿಯುವ ಮೂರು ದಾರಿಗಳೇ. ಆಸಿಡ್ ತಗ್ಗಿಸುವ ಮಾತ್ರೆಯಿಂದ ಒಂದಷ್ಟು ಜನಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಬ್ಯುಡೆಸೊನೈಡ್, ಆಸ್ತಮಾಕ್ಕೆ ಎಳೆದುಕೊಳ್ಳುವ ಔಷಧವೇ. ಇಲ್ಲಿ ಮಂದ ದ್ರವ ಮಾಡಿ ನುಂಗಬೇಕು, ಆಮೇಲೆ ಅರ್ಧ ಗಂಟೆ ನೀರೂ ಕುಡಿಯಬಾರದು. ಇಲ್ಲವಾದರೆ ಊಟ ಬದಲಾಯಿಸುವುದು. ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ ಗೋಡಂಬಿ ಜಾತಿಯವು, ಮೀನು ಸಿಗಡಿ, ಈ ಆರನ್ನೂ ಬಿಡಿಸುತ್ತಿದ್ದರು. 2023ರಲ್ಲಿ ದೊಡ್ಡವರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಹಾಲೊಂದನ್ನೇ ಬಿಟ್ಟವರಲ್ಲಿ ಶೇ. 34, ಆರನ್ನೂ ಬಿಟ್ಟವರಲ್ಲಿ ಶೇ. 40 ಮಂದಿಗೆ ಅನ್ನನಾಳ ತಿಳಿಯಾಯಿತು. ಹೆಚ್ಚು ವ್ಯತ್ಯಾಸವಿಲ್ಲ. ಈಗ ಮೊದಲು ಹಾಲು ಬಿಡಿಸಿ ನೋಡುವವರೇ ಹೆಚ್ಚು.

– ಮೊಸರಿಲ್ಲದೆ ಅವನು ಊಟ ಮುಗಿಸಿದ್ದನ್ನು ನಾನು ನೋಡಿಲ್ಲ. ತುಪ್ಪ?

– ಹಾಲಿನದೇ. ಕಾಫಿಗೂ ಹಾಕುವಂತಿಲ್ಲ. ರಾಗಿ ಅಕ್ಕಿಗೆ ಅಡ್ಡಿಯಿಲ್ಲ, ಅದೊಂದು ಪುಣ್ಯ. ಯಾವುದನ್ನೇ ಹಿಡಿದರೂ ಎರಡು ಮೂರು ತಿಂಗಳಲ್ಲಿ ಮತ್ತೆ ಎಂಡೋಸ್ಕೋಪಿ, ಮತ್ತೆ ಚಿವುಟು. ‘ಈಗ ಚೆನ್ನಾಗಿ ನುಂಗುತ್ತಿದ್ದಾನೆ’ ಅನ್ನುವುದನ್ನು ನಂಬಬೇಡ, ಇವರು ಉಪಾಯಗಾರರು. ಹಾಗಂತ ಎಣಿಕೆಯೊಂದನ್ನೇ ನಂಬುವುದೂ ಸಲ್ಲ. ಇಯೊಸಿನೊಫಿಲ್‌ಗಳನ್ನು ಕೊಲ್ಲುವ ಬೆನ್ರಲಿಜುಮಾಬ್ ಕೊಟ್ಟು ನೋಡಿದ ಫಲಿತಾಂಶ 2024ರಲ್ಲಿ ಬಂತು. ಸ್ಲೈಡಿನಿಂದ ಅವು ಬಹುತೇಕ ಮಾಯವಾದವು. ನುಂಗುವ ಕಷ್ಟ ಮಾತ್ರ ಹಾಗೇ ಇತ್ತು.

– ಅಂದರೆ ನೀನು ಇಷ್ಟು ಹೊತ್ತು ತೋರಿಸಿದ ಆ ಇಟ್ಟಿಗೆ ಬಣ್ಣದವು ನಿರಪರಾಧಿಗಳು?

– ಒಬ್ಬಂಟಿ ಅಪರಾಧಿಗಳಲ್ಲ. ಕೂಗಿಗೂ ಅವು ಬರುವುದಕ್ಕೂ ನಡುವೆ ಬಹಳ ಜನ ಇದ್ದಾರೆ. ಸ್ವಲ್ಪ ಮೇಲಿನ ಹಂತದಲ್ಲಿ ತಡೆಯುವ ಡುಪಿಲುಮಾಬ್ ಕೆಲಸ ಮಾಡಿತು, 2022ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಕೂಗನ್ನೇ ತಡೆಯುವ ಟೆಜೆಪೆಲುಮಾಬ್ ಈ ಕಾಯಿಲೆಗೂ ಆಗುತ್ತದೆಯೇ ಅಂತ ಪರೀಕ್ಷೆಗೆ ಇಟ್ಟಿದ್ದಾರೆ. ಆ ಪರೀಕ್ಷೆಗಳಲ್ಲಿ ಎಕ್ಸ್‌ಎಕ್ಸ್‌ವೈ ಇರುವವರು ಯಾರು ಅಂತ ಬರೆದಿಟ್ಟುಕೊಂಡರೆ ನಮ್ಮ ಜಗಳಕ್ಕೆ ಉತ್ತರ ಸಿಗಬಹುದಿತ್ತು. ಅದಿರಲಿ, ಈ ರಿಪೋರ್ಟಿನ ಮೇಲ್ಭಾಗ ನೋಡು. ಪೂರ್ವ ವಿವರ: ‘ಆಹಾರ ಸಿಕ್ಕಿಕೊಂಡಿದ್ದು’. ಅಷ್ಟೇ. ಎಕ್ಸ್‌ಎಕ್ಸ್‌ವೈ ಅಂತ ಯಾಕಿಲ್ಲ?

– ಅಕ್ಕ ಹೇಳಿಲ್ಲ. ಗಂಟಲಿನ ಡಾಕ್ಟರಿಗೆ ಅದೆಲ್ಲ ಯಾಕೆ ಅಂದಳು. ನಿಜವಾದ ಕಾರಣ ನಿನಗೂ ಗೊತ್ತು. ಆ ಆಸ್ಪತ್ರೆಯಲ್ಲಿ ನಮ್ಮ ನೆಂಟರೊಬ್ಬರು ಕೆಲಸ ಮಾಡುತ್ತಾರೆ.

– ನೋಡು, ಹಾರ್ಮೋನಿನ ಫೈಲು ಒಂದು ಕಡೆ, ಗಂಟಲಿನ ಫೈಲು ಇನ್ನೊಂದು ಕಡೆ. ಜೀನ್ ತುದಿ ಎಲ್ಲಿದ್ದರೇನು, ಈ ಎರಡು ಫೈಲು ಒಂದು ಮೇಜಿಗೆ ಬರದೆ ಯಾವ ಎಣಿಕೆಯೂ ಸಾಧ್ಯವಿಲ್ಲ. ಅವನಿಗೆ ಟೆಸ್ಟೊಸ್ಟಿರಾನ್ ಕೊಡುತ್ತಿದ್ದರೆ ಅದೂ ಗಂಟಲಿನವರಿಗೆ ಗೊತ್ತಿರಬೇಕು. ಸ್ಟೀರಾಯ್ಡ್ ನುಂಗಿಸುವುದಾದರೆ ಮೂಳೆಯ ಸಾಂದ್ರತೆಯ ಮೇಲೂ ಕಣ್ಣಿಡಬೇಕು, ಎಕ್ಸ್‌ಎಕ್ಸ್‌ವೈಯಲ್ಲಿ ಅದು ಮೊದಲೇ ಕಡಿಮೆ ಇರಬಹುದು. ಅಕ್ಕನ ಕೈಲಿ ಆಗದಿದ್ದರೆ ಹುಡುಗನೇ ಹೇಳಲಿ, ಮೈ ಅವನದು.

– ಅವನು ಹೇಳಿದ್ದಾನಂತೆ. ಎಂಡೋಸ್ಕೋಪಿಗೆ ಒಳಗೆ ಕರಕೊಂಡು ಹೋದಾಗ, ಅಕ್ಕ ಹೊರಗಿದ್ದಾಗ. ನನಗೆ ಆಮೇಲೆ ಹೇಳಿದ.

– ಮತ್ತೆ?

– ಯಾರೂ ಬರೆದುಕೊಂಡಿಲ್ಲ.

– ಸರಿ, ಸ್ಲೈಡುಗಳನ್ನು ನನಗೆ ತರಿಸಿಕೊಡು. ಎರಡನೆಯ ಅಭಿಪ್ರಾಯ ಅಂತ ನಾನೇ ಬರೆಯುತ್ತೇನೆ, ಪೂರ್ವ ವಿವರದ ಮೊದಲ ಸಾಲಿನಲ್ಲಿ ಅದನ್ನೂ ಸೇರಿಸಿ. ಹಾಗೆ ಬರೆಯಬಹುದೇ ಅಂತ ಮಾತ್ರ ಅವನನ್ನು ಕೇಳಿ ತಿಳಿಸು, ಬರುವ ವಾರದೊಳಗೆ.